ಮೊಂಡಾಗಬಾರದ ಕೊಡಲಿ

ಬೆಂಗಳೂರಿನ ಹೂಡಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಪ್ರತಿ ಭಾನುವಾರ ಸಂಪಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಕೊಡಲಿ ಮಸೆಯುತ್ತಿದ್ದರು. ಅವರ ಹೊಲದಲ್ಲಿ ಟೆಕ್ ಪಾರ್ಕ್ ಎದ್ದಿತ್ತು, ಅಡುಗೆಮನೆಗೆ ಗ್ಯಾಸ್ ಬಂದಿತ್ತು. ಸೀಳಲು ಸೌದೆಯೇ ಇರಲಿಲ್ಲ. ಆದರೂ ಕಲ್ಲಿಗೆ ನೀರು ಚಿಮುಕಿಸಿ ಮಸೆದು, ಮರದ ಹಿಡಿಗೆ ಹರಳೆಣ್ಣೆ ಸವರಿ, ಕೊನೆಗೆ ಎಡ ಮುಂಗೈಯ ಕೂದಲು ಬೋಳಿಸಿ ಹರಿತ ನೋಡುತ್ತಿದ್ದರು. ಆ ಕೈ ಮಗುವಿನ ಕೆನ್ನೆಯಷ್ಟು ನುಣ್ಣಗಿತ್ತು. ಯಾರಾದರೂ ಕೊಡಲಿ ಕೇಳಿದರೆ ಒಂದೇ ಉತ್ತರ: “ಮೊಂಡಾಗೋಯ್ತದೆ ಕಣಪ್ಪಾ.”

ಒಂದು ಬೆಳಿಗ್ಗೆ ಬೀದಿಯ ಹೊಂಗೆಮರದ ಕೊಂಬೆ ಮುರಿದು ನಮ್ಮ ಗೇಟಿಗೆ ಅಡ್ಡ ಬಿತ್ತು. ಬಾಡಿಗೆದಾರರೆಲ್ಲ ಬೈಕು ಹಿಡಿದು ಒಳಗೇ ನಿಂತೆವು. ನನಗಂತೂ ಅಂದು ಇಂಟರ್‌ವ್ಯೂ. ಮಾಲೀಕರು ಕೊಡಲಿ ತಂದು ಎತ್ತಿದರು. ಕೊಂಬೆ ನೋಡಿದರು, ಕೊಡಲಿ ನೋಡಿದರು, ಮೆಲ್ಲಗೆ ಇಳಿಸಿದರು.

“ಗಂಟು ಮರ. ಮೊಂಡಾಗೋಯ್ತದೆ.”

ಕಾಂಪೌಂಡಿನಾಚೆಯ ಮನೆಯವರನ್ನು ಕೂಗಿ, ಅವರ ಕೊಡಲಿಯನ್ನು ಎರವಲು ಪಡೆದರು. ಸದ್ಯ ಎಂದುಕೊಂಡೆವು. ಅದರ ಬಾಯಿ ಮುಟ್ಟಿ ಮುಖ ಸಿಂಡರಿಸಿದವರು ಸೀದಾ ಹೋಗಿ ಮಸೆಯಲು ಕೂತರು. ಅರ್ಧ ಗಂಟೆಯ ನಂತರ, ಎಡಗೈಯಲ್ಲಿ ಕೂದಲಿಲ್ಲದ್ದರಿಂದ ಬಲಗೈ ಬೋಳಿಸಿ ನೋಡಿ, “ಇಷ್ಟು ಚೆಂದಾಗಿ ಮಸೆದ್ಮೇಲೆ ಮರಕ್ಕಾಕೋದಾ?” ಎಂದರು.

ಆಗ ಅವರ ಹೆಂಡತಿ ಒಳಗಿಂದ ತುಕ್ಕು ಹಿಡಿದ ಮಚ್ಚು ತಂದು, ಸೆರಗು ಸಿಕ್ಕಿಸಿ, ಕೊಂಬೆ ಕಡಿದೇಬಿಟ್ಟರು. ನಾನು ಬೆರಗಾಗಿ ಮಚ್ಚನ್ನೇ ನೋಡುತ್ತಿದ್ದೆ.

“ಇವ್ರ ಕಣ್ಣಿಗೆ ಬೀಳ್ದಂಗೆ ಅಕ್ಕಿ ಡಬ್ಬದಾಗೆ ಬಚ್ಚಿಟ್ಟಿದ್ದೆ ಕಣಪ್ಪಾ,” ಎಂದರು. “ಅದ್ಕೇ ಇದಿನ್ನೂ ಕೆಲ್ಸಕ್ಕೆ ಬತ್ತದೆ.”