ಗಾಯಕ್ಕಲ್ಲ, ಪಾದಕ್ಕೆ

ಎತ್ತರದ ಚಳಿ ಸೀಮೆಯ ನಮ್ಮ ಒರೂರೊ ಪಟ್ಟಣದಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಎಂದರೆ ಮೊದಲು ನೆನಪಾಗುವ ಹೆಸರು ಡಾ. ಎಲ್ವಿರಾ ಕಲ್ಲಿಸಾಯ ಅವರದು. ಕೊಯ್ಯುವುದರಲ್ಲಿ ನಿಪುಣರು ಇನ್ನೂ ಇದ್ದಾರು. ಕೊಯ್ದ ಗಾಯ ಕೀವಾಗದಂತೆ ಕಾಯುವುದೇ ತಮ್ಮ ನಿಜವಾದ ಕೆಲಸವೆಂದು ಬಗೆದವರು ಇವರು. ಅವರ ವಾರ್ಡಿನಲ್ಲಿ ದಾದಿಯಾಗಿ ದುಡಿದ ನಾನು, ಒಲೆಯ ಮೇಲಿನ ಸಾರು ಉಕ್ಕದಂತೆ ನೋಡಿಕೊಳ್ಳುತ್ತಲೇ ಅವರ ಸನ್ಮಾನಕ್ಕೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಹೊಟ್ಟೆ ಹೊಲಿಯುವ ಮುನ್ನ ಎಲ್ಲರೂ ಕೈಗವಸು ಬದಲಿಸಬೇಕು, ಸಲಕರಣೆಗಳೂ ಬೇರೆಯವೇ ಬರಬೇಕು ಎಂಬ ಅವರ ಕಟ್ಟಳೆಗೆ ಮೊದಮೊದಲು ನಾವು ಗೊಣಗಿದ್ದುಂಟು.

"ಮುಗೀತಲ್ಲ ಡಾಕ್ಟರಮ್ಮ, ಇನ್ನು ಹೊಲಿಗೆ ತಾನೆ?" ಎಂದರೆ, "ಹಸಿ ಮಾಂಸ ಮುಟ್ಟಿದ ಕೈಯಲ್ಲೇ ಮಗೂಗೆ ರೊಟ್ಟಿ ತಿನ್ನಿಸ್ತೀಯೇನಮ್ಮ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಮುಂದೆ ನನ್ನ ಮಗಳು ಮಾರ್ಲೆನಿಯೇ ಕರುಳು ತಿರುಚಿಕೊಂಡು ಅವರ ಮೇಜಿನ ಮೇಲೆ ಮಲಗಿದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ನಾನು ಬಟ್ಟೆ ತರಲು ಮನೆಗೆ ಹೋಗಿ ಬರುವಷ್ಟರಲ್ಲಿ ನಮ್ಮತ್ತೆ ಸಬಾಸ್ತ್ಯಾನಾ ಪಟ್ಟಿ ಬಿಚ್ಚಿ, ನಮ್ಮ ಕಡೆ ಉಣ್ಣೆಗೆ ಸಾಕುವ ಲಾಮಾ ಪ್ರಾಣಿಯ ಕೊಬ್ಬನ್ನು ಬೆಚ್ಚಗೆ ಕರಗಿಸಿ ಹೊಲಿಗೆಗೆ ಹಚ್ಚಿಬಿಟ್ಟಿದ್ದರು. ಕೊಯ್ದ ಜಾಗದಿಂದ ಚಳಿ ಒಳಹೊಕ್ಕರೆ ಜೀವ ಉಳಿಯದೆಂಬುದು ನಮ್ಮ ಹಿರಿಯರ ಭಯ. ನನಗೋ ಕೀವಿನ ಭಯ. ಓಡಿಹೋಗಿ ಡಾಕ್ಟರನ್ನು ಕರೆತಂದೆ.

ಡಾಕ್ಟರು ಕೂಗಾಡಲಿಲ್ಲ. ಕೈ ತೊಳೆದು, ಗಾಯವನ್ನು ತಾವೇ ಶುಚಿಗೊಳಿಸಿ, ಹೊಸ ಪಟ್ಟಿ ಕಟ್ಟಿ, ಅತ್ತೆಯ ಪಕ್ಕ ಕುಳಿತರು.

"ಅಜ್ಜಿ, ಚಳಿ ಕೆಟ್ಟದ್ದು ಅನ್ನೋದು ನಿಜ. ಅದಕ್ಕೇ ಆಪರೇಷನ್ ಉದ್ದಕ್ಕೂ ಇವಳನ್ನ ಬೆಚ್ಚಗೆ ಹೊದಿಸಿಟ್ಟಿದ್ದೆ. ಈಗ ಪಾಲು ಮಾಡ್ಕೊಳ್ಳೋಣ. ಗಾಯ ನಂದು, ಪಾದ ನಿಮ್ಮದು. ಕೊಬ್ಬು ಅಲ್ಲಿ ಹಚ್ಚಿ."

"ಅಂಗಾಲಿಗೆ ಹಚ್ಚಿದ್ರೆ ಹೊಟ್ಟೆಗೆ ಹತ್ತುತ್ತೇನೇ ಹುಡುಗಿ?"

"ಹತ್ತದಿದ್ರೆ ನೀವು ನನ್ನ ಬೈಯಿರಿ. ಗಾಯ ಮುಟ್ಟಿದ್ರೆ ನಾನು ಬೈತೀನಿ."

ಆಮೇಲೆ ಪಟ್ಟಿ ಬದಲಿಸಿದಾಗಲೆಲ್ಲ ನಾನು ಹೊಲಿಗೆಯ ಸುತ್ತ ದಿಟ್ಟಿಸಿ ನೋಡಿದೆ. ಕೆಂಪಾಗಲಿಲ್ಲ, ಜ್ವರ ಬರಲಿಲ್ಲ. ಹೊಲಿಗೆ ತೆಗೆಯುವ ಬೆಳಿಗ್ಗೆ ಡಾಕ್ಟರು, "ಬಂದು ನೋಡಮ್ಮ, ಒಣಗಿ ಕೂಡಿಕೊಂಡಿದೆ" ಎಂದಾಗ ನಾನು ಮೊದಲು ಅತ್ತೆಯನ್ನು ಕರೆದು ತೋರಿಸಿದೆ. ಅಂದಿನಿಂದ ಪ್ರತಿ ಆಪರೇಷನ್ನಿಗೂ ಮುನ್ನ ಅವರು ರೋಗಿಯ ಮನೆಯ ಹಿರಿಯಳನ್ನು ಕರೆದು, "ಏನು ತಂದಿದ್ದೀರಿ ಅಜ್ಜಿ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡರು. ನಮ್ಮ ವಾರ್ಡಿನ ಪಾದಗಳೆಲ್ಲ ಕೊಬ್ಬಿನಿಂದ ಹೊಳೆದವು. ಗಾಯಗಳ ತಂಟೆಗೆ ಯಾರೂ ಹೋಗಲಿಲ್ಲ.

ಈಗ ಮಾರ್ಲೆನಿ ಒಳಕೋಣೆಯಲ್ಲಿ ತನ್ನ ಕೂಸಿಗೆ ಹಾಲೂಡಿಸುತ್ತಿದ್ದಾಳೆ. ನಿವೃತ್ತರಾಗುತ್ತಿರುವ ನಮ್ಮ ಡಾಕ್ಟರು ಆರೋಗ್ಯದಿಂದ ಬಹುಕಾಲ ಬಾಳಲಿ, ಹೊಸ ದಾದಿಯರನ್ನು ಗದರಿ ಕಲಿಸುತ್ತಲೇ ಇರಲಿ. ಸನ್ಮಾನದ ದಿನಕ್ಕೆಂದು ಅತ್ತೆ ಒಂದು ಡಬ್ಬಿ ಕೊಬ್ಬು ಕರಗಿಸಿಟ್ಟಿದ್ದಾರೆ. "ಇಷ್ಟು ವರ್ಷ ಆಪರೇಷನ್ ಕೋಣೆಯ ಆ ತಣ್ಣನೆ ನೆಲದ ಮೇಲೆ ನಿಂತಿದಾಳೆ. ಅವಳ ಪಾದಕ್ಕೆ ನಾನೇ ಹಚ್ಚಬೇಕು."