ಒಬ್ಬಳಿಗಾಗುವಷ್ಟು

ಬೆಳಕು ಹರಿಯುವ ಮೊದಲು ಅವಳು ಮಾಡಿ ಮುಗಿಸುತ್ತಿದ್ದ ಕೆಲಸಗಳು ಇವು. ನಲ್ಲಿ ನಿಲ್ಲುವುದರೊಳಗೆ ಬಕೆಟ್ಟುಗಳನ್ನೆಲ್ಲ ತುಂಬಿಸುವುದು. ನೆನೆಹಾಕಿದ್ದ ಗಂಡನ ಗ್ರೀಸು ಮೆತ್ತಿದ ಅಂಗಿಯನ್ನು ತಿಕ್ಕಿ ಒಣಹಾಕುವುದು. ಅತ್ತೆಯ ಮಂಡಿಗೆ ಹಚ್ಚಲು ಎಣ್ಣೆ ಬೆಚ್ಚಗೆ ಮಾಡಿಕೊಡುವುದು. ಮಗಳ ಅಲಾರಂ ಬಡಿದುಕೊಂಡಾಗ ಓಡಿಹೋಗಿ ಅದರ ಬಾಯಿ ಮುಚ್ಚುವುದು, ಯಾಕೆಂದರೆ ಅದರಿಂದ ಮಗಳೊಬ್ಬಳನ್ನು ಬಿಟ್ಟು ಮನೆಯವರಿಗೆಲ್ಲ ಎಚ್ಚರವಾಗುತ್ತಿತ್ತು. ಅನ್ನಕ್ಕಿಡುವುದು, ಡಬ್ಬಿಗಳನ್ನು ತೊಳೆದು ಒರೆಸುವುದು, ಈರುಳ್ಳಿ ಹೆಚ್ಚುವುದು, ಮೇಲೋಗರ ಕುದಿಯುವಾಗ ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ಉಪ್ಪು ನೋಡುವುದು.

ಇತ್ತೀಚೆಗೆ ಇದರ ಜೊತೆಗೆ ಇನ್ನೊಂದು ಸೇರಿಕೊಂಡಿತ್ತು. ಈಗ ಎರಡು ಅಡುಗೆ, ಎರಡು ಬಾಣಲೆ, ಎರಡು ಸೌಟು. ಅಂಗೈ ಮಾತ್ರ ಒಂದೇ.

ಅವಳು ಕೆಲಸ ಮಾಡುತ್ತಿದ್ದದ್ದು ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಬಿಸಿ ರೋಲರಿನಿಂದ ಹೊರಬರುವ ಹೊದಿಕೆಗಳನ್ನು ಮಡಿಚುವುದು ಅವಳ ಪಾಲಿನ ಕೆಲಸ. ಒಂದು ಸಣ್ಣ ಸುಕ್ಕು ಕಂಡರೂ ಬಟ್ಟೆಯನ್ನು ವಾಪಸು ರೋಲರಿಗೆ ಕೊಡುತ್ತಿದ್ದಳು. ಅದಕ್ಕೇ ಅಲ್ಲಿ ಎಲ್ಲರಿಗೂ ಅವಳು ಸುಕ್ಕಕ್ಕ. ಹೊಸಬರು ಮುಖ ನೋಡಿ ಇಟ್ಟ ಹೆಸರೆಂದುಕೊಂಡು ಮುಜುಗರಪಡುತ್ತಿದ್ದರು. ಅವಳಿಗೆ ಅದು ನಗುವ ವಿಷಯವಾಗಿತ್ತು.

ಮನೆಯಲ್ಲಿ ಎರಡು ಅಡುಗೆ ಶುರುವಾದದ್ದು ಮಗಳಿಂದ. ಕಾಲೇಜಿಗೆ ಹೋಗುವಾಗ ಸಿಗ್ನಲ್ಲಿನಲ್ಲಿ ಕೋಳಿ ತುಂಬಿದ ಲಾರಿಯೊಂದು ಅವಳ ಬಸ್ಸಿನ ಪಕ್ಕಕ್ಕೇ ಬಂದು ನಿಂತಿತ್ತಂತೆ. ಜಾಲರಿಯಿಂದ ಒಂದು ಕೋಳಿ ತನ್ನನ್ನೇ ನೋಡುತ್ತಿತ್ತಂತೆ. ಅಂದಿನಿಂದ ಮಗಳು ಮಾಂಸ ಬಿಟ್ಟಳು. ನೋಡದೆ ಅದು ಇನ್ನೇನು ಮಾಡಬೇಕಿತ್ತು, ಎದುರಿಗೇ ಕೂತಿದ್ದೆಯಲ್ಲ, ಎಂದು ಅಜ್ಜಿ ಕೇಳಿದ್ದಕ್ಕೆ ಎರಡು ದಿನ ಅಜ್ಜಿಯ ಜೊತೆ ಮಾತೂ ಬಿಟ್ಟಳು.

ಆಮೇಲೆ ಗಂಡ. ಅವನು ಲಿಫ್ಟು ರಿಪೇರಿಯವನು. ಊರಿನ ಎತ್ತರದ ಕಟ್ಟಡಗಳನ್ನೆಲ್ಲ ಹತ್ತಿಳಿದವನು, ಅಡುಗೆಮನೆಯ ಹೊಸ್ತಿಲನ್ನು ಮಾತ್ರ ಹತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಕೊಬ್ಬು ಕಡಿಮೆ ಮಾಡಿ ಎಂದಿದ್ದರು. ಕಡಿಮೆ ಎನ್ನುವುದು ಗಂಡನ ಸ್ವಭಾವಕ್ಕೆ ಒಗ್ಗುವಂಥದ್ದಲ್ಲ. ಪೂರ್ತಿ ಬಿಟ್ಟೇಬಿಟ್ಟ. ಬಿಟ್ಟ ಮೇಲೆ ಡಾಕ್ಟರ ಮಾತು ಮರೆತುಹೋಗಿ, ಅದು ತನ್ನದೇ ಸಿದ್ಧಾಂತ ಎಂಬಂತೆ ಮಾತಾಡತೊಡಗಿದ. ತರಕಾರಿಗೆಂದೇ ಕೆಂಪು ಹಿಡಿಯ ಬಾಣಲೆಯೊಂದನ್ನು ತಂದು, ಬಹುಮಾನ ಗೆದ್ದವನಂತೆ ಅವಳ ಕೈಗೆ ಕೊಟ್ಟ.

ಉಳಿದವರು ಅತ್ತೆ. ಬಾಯಲ್ಲಿ ಅಲ್ಲೊಂದು ಇಲ್ಲೊಂದು ಹಲ್ಲು. ಇರುವ ಹಲ್ಲಿಗೂ ಕೆಲಸ ಬೇಡವೇ ಎನ್ನುವುದು ಅವರ ವಾದ. ಮಾಂಸವಿಲ್ಲದ ಭಾನುವಾರ ಅವರ ಲೆಕ್ಕದಲ್ಲಿ ಭಾನುವಾರವೇ ಅಲ್ಲ.

ಹೀಗೆ ಎರಡು ಪಕ್ಷಗಳಾದವು. ಇಬ್ಬರು ಆ ಕಡೆ, ಒಬ್ಬರು ಈ ಕಡೆ. ಸುಕ್ಕಕ್ಕ ಯಾವ ಕಡೆ ಎಂದು ಬಹಳ ದಿನ ಯಾರೂ ಕೇಳಲಿಲ್ಲ. ಅವಳು ಎರಡನ್ನೂ ಮಾಡಿ, ಎರಡನ್ನೂ ಬಡಿಸಿ, ಯಾವ ಪಾತ್ರೆಯ ತಳದಲ್ಲಿ ಏನು ಉಳಿದಿದೆಯೋ ಅದನ್ನು ಅನ್ನಕ್ಕೆ ಕಲಸಿಕೊಂಡು ತಿನ್ನುತ್ತಿದ್ದಳು. ಕೊನೆಗೆ ಒಂದು ಸಂಜೆ, ಎರಡೂ ಬಾಣಲೆ ತಿಕ್ಕಿ ಬೋರಲು ಹಾಕಿ ಹೊರಬಂದವಳನ್ನು ಗಂಡ ಕುರ್ಚಿ ಎಳೆದು ಕೂರಿಸಿದ. ಅವಳಿಗೆ ಗಾಬರಿಯಾಯಿತು. ಆ ಮನೆಯಲ್ಲಿ ಯಾರಾದರೂ ಅವಳಿಗೆ ಕುರ್ಚಿ ಎಳೆದರೆ ಏನೋ ಕಾದಿದೆ ಎಂದೇ ಅರ್ಥ.

"ನೋಡು, ನೀನು ಎರಡೆರಡು ಅಡುಗೆ ಅಂತ ಒದ್ದಾಡೋದು ನನ್ನ ಕೈಲಿ ನೋಡೋಕಾಗಲ್ಲ" ಎಂದ ಗಂಡ.

"ಅಡುಗೆಮನೆಗೆ ಬಂದು ನೋಡಿದ್ದು ಯಾವಾಗಪ್ಪ ನೀನು?" ಎಂದರು ಅತ್ತೆ, ಮಂಚದ ಮೇಲಿಂದ.

ಗಂಡ ಅದನ್ನು ಕೇಳಿಸಿಕೊಳ್ಳಲಿಲ್ಲ. ಇನ್ನು ಮನೆಗೆ ಒಂದೇ ಅಡುಗೆ ಇರಲಿ, ಅದು ಯಾವುದೆಂದು ಅವಳೇ ಹೇಳಲಿ ಎಂದ. ಮಗಳು ಬಂದು ತೋಳಿಗೆ ಜೋತುಬಿದ್ದು ಅಮ್ಮನದು ಎಂಥ ಮೆತ್ತನೆ ಮನಸ್ಸು ಎಂದಳು. ಅತ್ತೆ, ತಮ್ಮ ಸೊಸೆಗೆ ಮಾಂಸವೆಂದರೆ ಪ್ರಾಣ, ಅದು ತಮಗೆ ಮೊದಲಿಂದ ಗೊತ್ತು ಎಂದರು. ಮೂವರೂ ಅವಳ ಬಾಯನ್ನೇ ನೋಡಿದರು. ಸುಕ್ಕಕ್ಕ ಬಾಯಿ ತೆರೆದಳು. ಒಳಗೆ ಏನೂ ಇರಲಿಲ್ಲ. ತನಗೆ ಯಾವುದು ಬೇಕೆಂದು ಹುಡುಕಿದರೆ ನೆನಪಿಗೆ ಬಂದದ್ದು ಅಂಗೈ ಮೇಲಿನ ಹನಿ ಮಾತ್ರ. ಯೋಚಿಸಿ ಹೇಳುತ್ತೇನೆ ಎಂದು ಎದ್ದಳು.

ಮಾರನೆಯ ದಿನ ಕೆಲಸದಲ್ಲಿ ಅವಳ ಜೋಡಿಗೆ ಇದು ಗೊತ್ತಾಯಿತು. ಹೊದಿಕೆ ಮಡಿಚಲು ಇಬ್ಬರು ಬೇಕು. ಆ ತುದಿಯಲ್ಲಿ ಒಬ್ಬಳು, ಈ ತುದಿಯಲ್ಲಿ ಒಬ್ಬಳು ನಿಂತು ಮೂಲೆ ಹಿಡಿದು ಜಗ್ಗಬೇಕು. ಆಮೇಲೆ ಇಬ್ಬರೂ ನಡೆದು ಬಂದು ಮಧ್ಯದಲ್ಲಿ ತುದಿಗೆ ತುದಿ ಕೂಡಿಸಬೇಕು. ರೋಲರಿನ ಸದ್ದಿನಲ್ಲಿ ದೂರ ನಿಂತಾಗ ಮಾತು ಕೇಳಿಸುವುದಿಲ್ಲ. ಹಾಗಾಗಿ ಅವರ ಮಾತುಕತೆ ಹೊದಿಕೆಗೆ ಒಂದು ಮಾತಿನಂತೆ ನಡೆಯುತ್ತಿತ್ತು. ಜೋಡಿ ಒಬ್ಬಂಟಿ ಹೆಂಗಸು, ಬಾಗಿಲಿಗಿಂತ ಸ್ವಲ್ಪವೇ ಗಿಡ್ಡ. ಅವಳನ್ನು ಉದ್ದಕ್ಕ ಎನ್ನುತ್ತಿದ್ದರು.

ಸುಕ್ಕಕ್ಕ ಮೂರು ಹೊದಿಕೆಗಳಲ್ಲಿ ಕಥೆ ಹೇಳಿ ಮುಗಿಸಿದಳು. ನಾಲ್ಕನೆಯದಕ್ಕೆ ಉದ್ದಕ್ಕ ಹತ್ತಿರ ಬಂದಳು.

"ಅದಿರಲಿ, ನಿನಗೆ ಯಾವುದಿಷ್ಟ?"

ದೂರ ಹೋದರು. ಜಗ್ಗಿದರು. ಹತ್ತಿರ ಬಂದರು.

"ಗೊತ್ತಿಲ್ಲ ಕಣೇ."

ಮುಂದಿನ ಹೊದಿಕೆಗೆ ಉದ್ದಕ್ಕನ ಹುಬ್ಬು ಮೇಲೇರಿತ್ತು. "ಬಿಸಿ ಇರುವಾಗ ಕೂತು ತಿಂದದ್ದು ಯಾವಾಗ?"

ಸುಕ್ಕಕ್ಕ ಲೆಕ್ಕ ಹಾಕುತ್ತ ಹೋದಳು. ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಕೊಟ್ಟಿದ್ದರು. ಅದೂ ಬಿಸಿ ಇರಲಿಲ್ಲ. ಅವಳು ಹಾಗೆಯೇ ಹೇಳಿದಳು.

"ಹಂಗಿದ್ರೆ ನೀನು ಬಿಡೋಕೆ ಏನಿದೆ? ಬಿಡಬೇಕಾದ್ರೆ ಮೊದಲು ಹಿಡಿದಿರಬೇಕಲ್ಲ" ಎಂದು ಉದ್ದಕ್ಕ ಹೊದಿಕೆಯ ಮೂಲೆಗಳನ್ನು ಅವಳ ಕೈಗೆ ಕೊಟ್ಟು, ಮುಂದಿನದನ್ನು ತರಲು ಹೊರಟಳು.

ಸುಕ್ಕಕ್ಕ ಆ ದಿನ ಮೊದಲ ಸಲ ಒಂದು ಸುಕ್ಕನ್ನು ನೋಡದೆ ಬಿಟ್ಟಳಂತೆ.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ತೀರ್ಮಾನ ತಿಳಿಸಿದಳು. "ತಿಂದು ನೋಡದೆ ಹೇಗೆ ಹೇಳಲಿ? ಭಾನುವಾರ ಅವರವರ ಪಕ್ಷದ ಅಡುಗೆ ಅವರವರೇ ಮಾಡಿ ನನಗೆ ಬಡಿಸಿ. ಕೂತು ತಿಂತೀನಿ. ಆಮೇಲೆ ಹೇಳ್ತೀನಿ."

ಗಂಡ ನಕ್ಕ. ಅವಳು ನಗದಿದ್ದದ್ದನ್ನು ಕಂಡು ನಗುವನ್ನು ಅರ್ಧಕ್ಕೇ ನಿಲ್ಲಿಸಿದ.

ಭಾನುವಾರ ಬಂತು. ಕೋಳಿ ತರುವುದು ಯಾರು ಎಂಬ ಪ್ರಶ್ನೆ ಎದ್ದಿತು. ಅತ್ತೆಗೆ ಅಷ್ಟು ದೂರ ನಡೆಯಲಾಗದು. ಗಂಡ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಮಗಳ ಮಾತಂತೂ ಎತ್ತುವ ಹಾಗೇ ಇಲ್ಲ. ಯಾವಾಗಿನಂತೆ ಸುಕ್ಕಕ್ಕನೇ ಹೋದಳು. ಅಂಗಡಿಯವನು ಅವಳು ಕೇಳುವ ಮೊದಲೇ ಅಳತೆ ತಿಳಿದವನಂತೆ ಕತ್ತರಿಸಿ, ಚೀಲಕ್ಕೆ ಹಾಕಿ ಕೊಟ್ಟ. ಅದನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡು ಬಂದು ಅತ್ತೆಗೆ ಒಪ್ಪಿಸಿದಳು. ಒಂದು ಕುರ್ಚಿ ತೆಗೆದುಕೊಂಡು ಹೋಗಿ ಬಾಗಿಲ ಹೊರಗೆ, ಬಿಸಿಲು ಬೀಳುವ ಕಡೆ ಹಾಕಿಕೊಂಡು ಕೂತಳು.

ಒಳಗೆ ಯುದ್ಧ ನಡೆದಿತ್ತು. ಅರಿಶಿನ ಎಲ್ಲಿ ಎಂದು ಗಂಡ ಕೂಗಿದ. ಅವಳು ಕುರ್ಚಿಯನ್ನು ಬಿಸಿಲಿನತ್ತ ಇನ್ನಷ್ಟು ಸರಿಸಿಕೊಂಡಳು. ಕುಂಬಳಕಾಯಿಯ ಸಿಪ್ಪೆ ತೆಗೆಯಬೇಕೋ ಬೇಡವೋ ಎಂದು ಅಪ್ಪ ಮಗಳು ಕಾಲೇಜಿನ ಚರ್ಚಾಸ್ಪರ್ಧೆಯ ಗತ್ತಿನಲ್ಲಿ ವಾದಿಸಿದರು. ಅತ್ತೆ ಎತ್ತರದ ಸ್ಟೂಲು ಹಾಕಿಸಿಕೊಂಡು ಒಲೆಯ ಮುಂದೆ ಕೂತಿದ್ದರು. ಮಗನನ್ನು ಮೊಣಕೈಯಿಂದ ಆಚೆ ತಳ್ಳುತ್ತ, ಮಸಾಲೆ ಹುರಿಯುತ್ತ, ತಾವು ಮದುವೆಯಾಗಿ ಬಂದ ಕಾಲದ ಯಾವುದೋ ಹಾಡು ಗುನುಗುತ್ತಿದ್ದರು. ಆ ಹಾಡನ್ನು ಸೊಸೆ ಕೇಳಿಯೇ ಇರಲಿಲ್ಲ. ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡು ಕೂರಿಸಿದ್ದು ತಾನೇ ಅಲ್ಲವೇ ಎಂಬುದು ಅವಳಿಗೆ ಆಗ ಹೊಳೆಯಿತು. ಉಪಕಾರವೆಂದುಕೊಂಡಿದ್ದಳು.

ಕೂತಲ್ಲೇ ಅವಳು ತನ್ನ ಮಣಿಕಟ್ಟು ಸವರಿಕೊಂಡಳು. ಚೀಲ ತಾಗಿದ್ದ ಜಾಗ ಇನ್ನೂ ಬೆಚ್ಚಗಿತ್ತು. ಅಂಗಡಿಯಿಂದ ತರುವಾಗ ಅದು ಯಾವಾಗಲೂ ಬೆಚ್ಚಗೇ ಇರುತ್ತದೆ. ಇಷ್ಟು ವರ್ಷ ಅವಳು ಬಂದ ಕೂಡಲೇ ತಣ್ಣೀರಿಗೆ ಕೈ ಹಾಕಿ ತೊಳೆಯಲು ನಿಲ್ಲುತ್ತಿದ್ದಳು. ಇಂದು ಕೈಗೆ ಕೆಲಸವಿಲ್ಲದೆ ಆ ಬಿಸುಪು ಅಲ್ಲೇ ಉಳಿದಿತ್ತು. ಈ ಮನೆಗೆ ಅದನ್ನು ಬೆಚ್ಚಗಿರುವಾಗಲೇ ಹೊತ್ತು ತರುತ್ತಿದ್ದವಳು ತಾನೊಬ್ಬಳೇ. ಲಾರಿಯ ಕೋಳಿ ಮಗಳನ್ನು ನೋಡಿತ್ತು. ತನಗೆ ಮಾತ್ರ ನೋಡಲು ಪುರುಸೊತ್ತೇ ಆಗಿರಲಿಲ್ಲ.

ಎರಡು ತಟ್ಟೆ ಬಂದವು. ಮೂವರೂ ಸುತ್ತ ನಿಂತರು. ಅತ್ತೆಯ ಕೋಳಿ ಬಾಯಿಗಿಟ್ಟರೆ ಕರಗುವಂತಿತ್ತು. ಖಾರ, ಹುಳಿ ಎಲ್ಲ ಹದವಾಗಿತ್ತು. ಗಂಡ ಮಗಳ ಕುಂಬಳಕಾಯಿ ಒಂದು ಕಡೆ ಕಿಚಡಿಯಾಗಿ, ಇನ್ನೊಂದು ಕಡೆ ಗಟ್ಟಿಯಾಗಿ ಉಳಿದಿತ್ತು. ಉಪ್ಪಂತೂ ಇಬ್ಬರೂ ಬೇರೆಬೇರೆಯಾಗಿ ಹಾಕಿದ್ದರು. ಸುಕ್ಕಕ್ಕ ಎರಡನ್ನೂ ಪೂರ್ತಿ ತಿಂದಳು. ನಿಧಾನವಾಗಿ ತಿಂದಳು. ನಡುವೆ ಒಂದು ಸಲವೂ ಏಳಲಿಲ್ಲ.

"ಹೇಳು ಮತ್ತೆ" ಎಂದರು ಅತ್ತೆ, ಗೆದ್ದಾಗಿದೆ ಎಂಬ ಧೈರ್ಯದಲ್ಲಿ.

"ಒಂದು ಸಲ ತಿಂದು ಹೇಗೆ ಹೇಳೋದು ಅತ್ತೆ? ಬರೋ ಭಾನುವಾರಾನೂ ನೋಡೋಣ."

ಗಂಡನಿಗೆ ಮೋಸ ಗೊತ್ತಾಯಿತು. ಆದರೆ ಸೋತ ತಟ್ಟೆ ತನ್ನದಾಗಿದ್ದರಿಂದ ಇನ್ನೊಂದು ಅವಕಾಶ ಅವನಿಗೂ ಬೇಕಿತ್ತು. ಮುಂದಿನ ಭಾನುವಾರ ಬದನೆಕಾಯಿ ಬಂತು. ಅದರ ಮುಂದಿನ ಸಲ ಬಟಾಣಿ, ಅದು ತಿನ್ನುವಂತೆಯೂ ಇತ್ತು. ಕೆಂಪು ಹಿಡಿಯ ಬಾಣಲೆಯ ತಳ ಕರಕಲಾಗಿ ಅದನ್ನು ತಿಕ್ಕಿದ್ದು ಗಂಡನೇ. ತಿಕ್ಕುತ್ತ ತಿಕ್ಕುತ್ತ, ಇಂಥ ಬಾಣಲೆ ಯಾವ ಮೂರ್ಖ ಕೊಂಡು ತಂದನೋ ಎಂದ. ಅತ್ತೆಯ ಮಂಡಿನೋವು ಅವರ ಬಾಯಿಂದ ಕೇಳಿಬರುವುದೇ ಅಪರೂಪವಾಯಿತು. ತೀರ್ಪು ಏನಾಯಿತೆಂದು ಉದ್ದಕ್ಕ ಹೊದಿಕೆಯ ತುದಿಯಿಂದ ಕಣ್ಣಲ್ಲೇ ಕೇಳುತ್ತಿದ್ದಳು. ಸುಕ್ಕಕ್ಕ ಕಣ್ಣಲ್ಲೇ ಇನ್ನೂ ಇಲ್ಲ ಎನ್ನುತ್ತಿದ್ದಳು.

ಆದರೆ ಆಟದ ಒಳಗೊಂದು ನಿಜವಾದ ಪ್ರಶ್ನೆ ಇತ್ತು. ಅದು ಅವಳನ್ನು ಬಿಡಲಿಲ್ಲ. ರುಚಿ ಕೇಳಿದರೆ ಅತ್ತೆಯ ಕೈಗೇ ಜಯ. ಆದರೆ ಪ್ರತಿ ಭಾನುವಾರ ಆ ಬೆಚ್ಚನೆಯ ಚೀಲ ಮಣಿಕಟ್ಟಿನಲ್ಲಿ ತೂಗುತ್ತಿತ್ತು. ರುಚಿ ಒಂದು ಕಡೆ, ಕೈ ಒಂದು ಕಡೆ ಎಳೆಯುತ್ತಿತ್ತು. ತರಕಾರಿ ಎಂದುಬಿಟ್ಟರೆ ಗಂಡ ತನ್ನ ಸಿದ್ಧಾಂತ ಗೆದ್ದಿತೆಂದು ಬೀಗುತ್ತಾನೆ, ಅತ್ತೆಯ ಒಲೆ ಆರುತ್ತದೆ, ಅಪ್ಪ ಮಗಳು ಮತ್ತೆ ಸೋಫಾಕ್ಕೆ ಹೋಗಿ ಕೂರುತ್ತಾರೆ. ಮಾಂಸ ಎಂದರೆ ತನ್ನ ಕೈಗೇ ಸುಳ್ಳು ಹೇಳಿದಂತೆ.

ಹೀಗಿರುವಾಗ ಒಂದು ಸಂಜೆ ಮನೆ ಖಾಲಿಯಾಯಿತು. ಅತ್ತೆ ತಮ್ಮ ಮಗಳ ಮನೆಗೆ ಹೋಗಿದ್ದರು. ಗಂಡನಿಗೆ ಬೇರೆ ಊರಿನಲ್ಲಿ ಲಿಫ್ಟು ಕೂರಿಸುವ ಕೆಲಸ. ಮಗಳು ಗೆಳತಿಯರ ಜೊತೆ ಪ್ರವಾಸ ಹೋಗಿದ್ದಳು. ಕೆಲಸ ಮುಗಿಸಿ ಬಂದ ಸುಕ್ಕಕ್ಕ ಬೀದಿಯ ತಿರುವಿನಲ್ಲಿ ನಿಂತಳು. ಈ ಬದಿಗೆ ಕೋಳಿಯಂಗಡಿ, ಆ ಬದಿಗೆ ತರಕಾರಿ ಗಾಡಿ. ಎಷ್ಟೋ ವರ್ಷಗಳಿಂದ ಅಲ್ಲಿ ನಿಂತು ಅವಳು ಯೋಚಿಸಿದ್ದು ಯಾರಿಗೆ ಏನು ಬೇಕು ಎಂದು. ಇವತ್ತು ಯಾರಿಗೂ ಏನೂ ಬೇಕಿರಲಿಲ್ಲ.

ಮನೆಗೆ ಹೋಗಿ ಇದ್ದದ್ದೇನೋ ತಿಂದರಾಯಿತು ಎಂದು ಕಾಲು ತಾನಾಗಿ ಹೊರಟಿತು. ಅವಳು ಅದನ್ನು ತಡೆದಳು.

ಕೋಳಿಯಂಗಡಿಯವನು ಅವಳನ್ನು ಕಂಡು ಕೈ ಒರೆಸಿಕೊಂಡು ಎದ್ದ. "ಯಾವಾಗಿನಷ್ಟೇ ತಾನೇ ಅಕ್ಕ?"

"ನಂಗೆ ಬೇಡಪ್ಪ" ಎಂದಳು. ಹೇಳಿದ ಮೇಲೆ ಅದು ಇವತ್ತಿಗೆ ಮಾತ್ರ ಹೇಳಿದ್ದಲ್ಲ ಎಂದು ಅವಳಿಗೇ ಗೊತ್ತಾಯಿತು. ಎದೆಯಲ್ಲಿ ಭಾರವೇನೂ ಆಗಲಿಲ್ಲ. ಅತ್ತೆಯ ಕೋಳಿಯ ರುಚಿ ನೆನಪಾಗಿ ನಾಲಿಗೆಯಲ್ಲಿ ನೀರೂರಿದ್ದು ಮಾತ್ರ ನಿಜ. ಊರಲಿ ಎಂದುಕೊಂಡು ರಸ್ತೆ ದಾಟಿದಳು.

ಗಾಡಿಯ ಮೇಲೆ ಎಳೆಯ ಹುರುಳಿಕಾಯಿ ಇತ್ತು. ಕೈ ಅಭ್ಯಾಸದಂತೆ ನಾಲ್ವರಿಗೆ ಸಾಲುವಷ್ಟು ಬಾಚಿ ತಕ್ಕಡಿಗೆ ಹಾಕಿತು. ಒಬ್ಬಳಿಗೆ ಎಷ್ಟು ಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಸ್ವಲ್ಪ ತೆಗೆದಳು. ಇನ್ನೂ ಸ್ವಲ್ಪ ತೆಗೆದಳು. ಕೊನೆಗೆ ಒಂದು ಹಿಡಿ ಉಳಿಯಿತು. ಅದನ್ನು ನೋಡಿ, ಇಲ್ಲ, ನನಗೆ ಹಸಿವಾಗಿದೆ ಎಂದುಕೊಂಡು ಇನ್ನೊಂದು ಹಿಡಿ ಹಾಕಿದಳು.

ಮನೆಯಲ್ಲಿ ಬೆಳ್ಳುಳ್ಳಿ ಜಜ್ಜಿ, ಹುರುಳಿಕಾಯಿ ಹಸಿರು ಕೆಡದಂತೆ ಹುರಿದು, ಒಂದಿಷ್ಟು ನೀರು ಬಿಟ್ಟು ಕುದಿಸಿದಳು. ಮಾಂಸ ಬಿಟ್ಟದ್ದನ್ನು ಅತ್ತೆಗೆ ಮಾತ್ರ ತಾನೇ ಮೊದಲು ಹೇಳಬೇಕು, ಒಲೆ ಅವರದೇ, ಬೇಕಾದದ್ದು ಮಾಡಿಕೊಳ್ಳಲಿ ಎಂದೂ ಹೇಳಬೇಕು. ಚೀಲ ತರುವುದು ಇನ್ನು ಬೇರೆ ಯಾರಾದರೂ ಆಗಲಿ. ಅಪ್ಪ ಮಗಳಿಗೆ ಹೇಳಲು ಅವಸರವಿಲ್ಲ. ಗಂಡನ ಕೈಯಲ್ಲಿ ಒಗ್ಗರಣೆ ಇನ್ನೂ ಸೀಯುತ್ತಿತ್ತು, ಅವನು ಕಲಿಯಲು ಇನ್ನಷ್ಟು ಭಾನುವಾರಗಳು ಬೇಕಿದ್ದವು.

ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಳ್ಳಲು ಹೋದವಳು ಕೈ ಹಿಂದೆಗೆದಳು. ಎಲ್ಲವನ್ನೂ ತಟ್ಟೆಗೆ ಬಗ್ಗಿಸಿ, ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು ತುತ್ತು ಬಾಯಿಗಿಟ್ಟಳು. ಉಪ್ಪು ಸ್ವಲ್ಪ ಕಡಿಮೆಯಾಗಿತ್ತು. ಅವಳು ಎದ್ದು ಹೋಗಲಿಲ್ಲ. ಬಿಸಿ ಆರುವ ಮೊದಲು ತಿನ್ನಬೇಕಿತ್ತು.