ಕವರಿನ ಕೆಳಗಿದ್ದ ಬೆಲ್ಟು

2007ರ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಶಿರಸಿಯ ನಮ್ಮ ಬಾಡಿಗೆ ಮನೆಯೆದುರು ನಿಂತಿದ್ದ ಕಾರಿನ ಹಿಂದಿನ ಸೀಟಿನ ರೆಕ್ಸಿನ್ ಕವರನ್ನು ನಾನು ಬ್ಲೇಡಿನಿಂದ ಕೊಯ್ದೆ. ಕವರು ಹೊಸದು. ಹಾಕಿಸಿದವರು ನನ್ನ ಮಾವ. ನಾನು ಕೊಯ್ಯುವಾಗ ಅವರು ಒಳಗೆ ಕಾಫಿ ಕುಡಿಯುತ್ತಿದ್ದರು.

ಆಗ ನಾನು ಶಿರಸಿಯಲ್ಲಿ ಒಂದು ಪತ್ರಿಕೆಯ ಸುದ್ದಿ ವಿಭಾಗದಲ್ಲಿದ್ದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ವರದಿಗಳು ನನ್ನ ಮೇಜಿಗೆ ಬರುತ್ತಿದ್ದವು. ಅಪಘಾತದ ವರದಿಗಳಿಗೆ ಒಂದು ಅಚ್ಚು ಇತ್ತು. ಮೊದಲು ವಾಹನ, ಆಮೇಲೆ ತಿರುವು, ಆಮೇಲೆ ಮರ ಅಥವಾ ಲಾರಿ, ಕಡೆಯ ಸಾಲಿನಲ್ಲಿ ‘ತಾಯಿಯ ತೊಡೆಯ ಮೇಲಿದ್ದ ಮಗು’. ಪುಟದಲ್ಲಿ ಜಾಗ ಸಾಲದಿದ್ದರೆ ಕಡೆಯ ಸಾಲನ್ನು ಕತ್ತರಿಸುವುದು ರೂಢಿ. ನಮ್ಮ ಮನೆಗೆ ಕಾರು ಬಂದ ಮೇಲೆ ನಾನು ಆ ಸಾಲನ್ನು ಕತ್ತರಿಸುವುದನ್ನು ಬಿಟ್ಟು, ಬೇರೆ ಸಾಲುಗಳನ್ನು ಕತ್ತರಿಸತೊಡಗಿದೆ. ನನಗೆ ನಾಲ್ಕು ವರ್ಷದ ಮಗಳಿದ್ದಳು, ಎಂಟು ತಿಂಗಳ ಮಗನಿದ್ದ.

ಕಾರು ಸಣ್ಣದು. ಕೊಂಡದ್ದು ನನ್ನ ಗಂಡ. ಆದರೆ ಹೆಗ್ಗರಣೆ ಹತ್ತಿರದ ಹಳ್ಳಿಮನೆಯಿಂದ ಮಾವ ಬಂದು, ಪೂಜೆ ಮಾಡಿಸಿ, ಅದನ್ನು ನೇರವಾಗಿ ಪೇಟೆಯ ಕುಶನ್ ಅಂಗಡಿಗೆ ಒಯ್ದಿದ್ದರು. ನಮ್ಮ ಕಡೆ ಹೊಸ ಕಾರಿಗೆ ತೋರಿಸುವ ಮೊದಲ ಗೌರವ ಅದು: ಕಂಪನಿಯವರು ಕೊಟ್ಟ ಸೀಟನ್ನು ಯಾರೂ ಮುಟ್ಟದಂತೆ ಮುಚ್ಚಿಡುವುದು. ಕವರಿನ ಮೇಲೊಂದು ಪ್ಲಾಸ್ಟಿಕ್, ಪ್ಲಾಸ್ಟಿಕ್ಕಿನ ಮೇಲೊಂದು ಟವೆಲ್. ಎದುರಿನ ಎಡಗಡೆಯ ಸೀಟು ಮಾವನದು. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕಾರಿಗೆ ಹಾರ ಹಾಕಿದ ದಿನವೇ ಅವರು ಅಲ್ಲಿ ಕೂತಿದ್ದರು, ಅಷ್ಟೇ. ಮಕ್ಕಳು ತೊಡೆಯ ಮೇಲೆ.

ಆ ಭಾನುವಾರ ಯಲ್ಲಾಪುರದಲ್ಲಿ ನನ್ನ ತಮ್ಮನ ಮನೆ ಒಕ್ಕಲು. ಅದಕ್ಕೆಂದೇ ಮಸ್ಕತ್ತಿನಿಂದ ಬಂದಿದ್ದ ನನ್ನ ಅಕ್ಕ ತನ್ನ ಮಕ್ಕಳು ಬೆಳೆದು ಬಿಟ್ಟ ಎರಡು ಕಾರ್ ಸೀಟುಗಳನ್ನು, ಎಂದರೆ ಮಕ್ಕಳನ್ನು ಕೂರಿಸಿ ಬಿಗಿಯುವ ಪ್ಲಾಸ್ಟಿಕ್ ಕುರ್ಚಿಗಳನ್ನು, ತಂದು, ಮೂರು ದಿನ ಮೊದಲೇ ಯಲ್ಲಾಪುರದಿಂದ ಬಸ್ಸಿನಲ್ಲಿ ಹಾಕಿ ಕಳಿಸಿದ್ದಳು. ಒಂದು ದೊಡ್ಡದು, ಮಗಳಿಗೆ. ಇನ್ನೊಂದು ಸಣ್ಣದು, ಮಗುವಿನ ಮುಖ ಕಾರಿನ ಹಿಂಬದಿಗೆ ಬರುವಂತೆ ಕೂರಿಸುವಂಥದ್ದು. ಫೋನಿನಲ್ಲಿ ಅವಳು ಹೇಳಿದ್ದು ಇಷ್ಟು: ಎರಡನ್ನೂ ಹಿಂದೆ ಇಡು, ಕಾರಿನ ಬೆಲ್ಟಿನಿಂದಲೇ ಬಿಗಿ, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ದೊಡ್ಡವಳನ್ನು ಎದುರಿಗೆ.

ಶನಿವಾರ ಸಂಜೆ ಮಾವ, ಅತ್ತೆ ಬಂದರು. ಸೀಟುಗಳು ಜಗಲಿಯಲ್ಲಿದ್ದವು.

“ಇದೆಂತದೇ ತಂಗಿ,” ಎಂದರು ಮಾವ. “ಮಕ್ಕಳಿಗೆ ಸಿಂಹಾಸನವಾ?”

ನಾನು ಹೇಳಿದೆ. ಯಾವುದು ಯಾರಿಗೆ, ಯಾವುದು ಯಾವ ಕಡೆಗೆ ಮುಖ ಮಾಡಬೇಕು, ಯಾಕೆ.

“ಮಾಣಿನ ದಾರಿಗೆ ಬೆನ್ನು ಹಾಕಿ ಕೂರ್ಸದಾ? ಅಂವ ಎಂತ, ಮುನಿಸ್ಕಂಡು ಮನೆ ಬಿಟ್ಟು ಹೊಂಟಿದ್ನ?”

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು.

“ಅವಂಗೆ ಕುತ್ತಿಗೆ ಇನ್ನೂ ಗಟ್ಟಿ ಆಜಿಲ್ಲೆ ಮಾವ. ಬ್ರೇಕ್ ಹಾಕಿದ್ರೆ ತಲೆ ಮುಂದೆ ಹೋಗ್ತು.”

“ನಂಗನೂ ಮಕ್ಕಳ ಸಾಕಿದ್ಯ,” ಎಂದರು ಅತ್ತೆ. “ಎಲ್ಲ ತೊಡೆ ಮ್ಯಾಲೇ ಬೆಳದ್ದ.”

“ಆಗ ಕಾರಿತ್ತಿಲ್ಲೆ ಅತ್ತೆ.”

ಆಮೇಲೆ ಲೆಕ್ಕ ಶುರುವಾಯಿತು. ಎರಡೂ ಸೀಟನ್ನು ಹಿಂದಿನ ಎರಡು ತುದಿಗಳಲ್ಲಿ ಇಟ್ಟರೆ ನಡುವೆ ಒಬ್ಬರು ಹಿಡಿಯುತ್ತಾರೆ. ಮಕ್ಕಳ ಜೊತೆ ನಾನು ಇರಲೇಬೇಕು. ಗಂಡ ಓಡಿಸುತ್ತಾರೆ. ಎದುರಿಗೆ ಮಾವ. ಹಾಗಾದರೆ ಅತ್ತೆ ಎಲ್ಲಿ? ಒಂದು ಸೀಟನ್ನು ಡಿಕ್ಕಿಯಲ್ಲಿ ಇಟ್ಟು ಮಗಳನ್ನು ಅಲ್ಲಿ ಕೂರಿಸಬಹುದು ಎಂದರು ಮಾವ. ಡಿಕ್ಕಿಯ ಮುಚ್ಚಳ ತೆರೆದಿಟ್ಟರೆ ಗಾಳಿಯೂ ಬರುತ್ತದೆ ಎಂದರು. ಇದು ತಮಾಷೆಯಲ್ಲ. ನಾನು ಅವರ ಮುಖ ನೋಡಿ ಖಾತ್ರಿ ಮಾಡಿಕೊಂಡೆ.

“ಬ್ಯಾಡ, ಆನು ಬಸ್ಸಿಗೆ ಬತ್ತೆ,” ಎಂದರು ಅತ್ತೆ. ಅವರನ್ನು ಯಾರೂ ಕೇಳಿರಲಿಲ್ಲ. ಬೇಡವೆಂದೂ ಯಾರೂ ಹೇಳಲಿಲ್ಲ. ಚರ್ಚೆ ಅಲ್ಲಿಗೆ ಮುಗಿಯಿತು ಎಂಬಂತೆ ಮಾವ ಎದ್ದರು.

ಸೀಟುಗಳನ್ನು ಕಾರಿಗೆ ಒಯ್ದಾಗ ಬೆಲ್ಟು ಕಾಣಲಿಲ್ಲ. ಎದುರಿನ ಎರಡು ಬೆಲ್ಟುಗಳು ಇದ್ದವು. ಹಿಂದೆ ನುಣ್ಣಗೆ ಮೆರೂನ್ ಬಣ್ಣದ ರೆಕ್ಸಿನ್, ಅಂಚಿನಲ್ಲಿ ಬಿಳಿ ಹೊಲಿಗೆ. ಬೆರಳು ತೂರಿಸಲೂ ಸಂದಿಯಿಲ್ಲ.

“ಅದೆಲ್ಲ ಕವರಿನ ಅಡಿಗೆ ಹೋಯ್ದು,” ಎಂದರು ಮಾವ. “ಹೆದರಡ. ಆನು ಕಟ್ಟಿಕೊಡ್ತೆ.”

ಅವರ ಚೀಲದಲ್ಲಿ ತಮ್ಮ ತಂಗಿಯ ಮನೆಗೆಂದು ಹೆಗಡೆಕಟ್ಟಾಕ್ಕೆ ಒಯ್ಯಬೇಕಿದ್ದ ಹಗ್ಗವಿತ್ತು. ಅಡಿಕೆ ಮರದ ತುದಿಯಿಂದ ಕಾಯಿಗೊಂಚಲನ್ನು, ಅಂದರೆ ಕೊನೆಯನ್ನು, ನೆಲಕ್ಕೆ ಜಾರಿಸಿ ಇಳಿಸುವ ಹಗ್ಗ. ಅದರಿಂದ ಎರಡೂ ಸೀಟುಗಳನ್ನು ಹಿಂದಿನ ಸೀಟಿನ ಬೆನ್ನಿಗೆ ಸುತ್ತಿ, ತುಂಬ ಹೊತ್ತು, ತುಂಬ ಶ್ರದ್ಧೆಯಿಂದ ಕಟ್ಟಿದರು. ಗಂಟುಗಳು ಚಂದ ಇದ್ದವು.

“ಈ ಹಗ್ಗದಲ್ಲಿ ಎಷ್ಟು ವರ್ಷದ ಕೊನೆ ಇಳದ್ದು ಗೊತ್ತಿದ್ದ? ಒಂದಿನ ಜಾರಿದ್ದಿಲ್ಲೆ.”

ಅವರು ಒಳಗೆ ಹೋದ ಮೇಲೆ ನಾನು ಮಗನ ಸೀಟನ್ನು ಒಂದು ಕೈಯಲ್ಲಿ ಎಳೆದೆ. ಅದು ಹಗ್ಗದೊಳಗೇ ಮಗುಚಿಕೊಂಡು ಬಾಯಿ ಕೆಳಗಾಗಿ ನಿಂತಿತು. ಹಗ್ಗ ಜಾರಲಿಲ್ಲ. ಗಂಡನನ್ನು ಕರೆದು ತೋರಿಸಿದೆ.

“ಸುಮ್ನಿರೇ. ಅಪ್ಪಯ್ಯ ಕಷ್ಟ ಪಟ್ಟು ಕಟ್ಟಿದ್ದ. ನಾಳೆ ಒಂದಿನ ನಿಧಾನ ಹೊಡಿತೆ.”

“ಎದುರಿಂದ ಬಪ್ಪ ಲಾರಿಯವಂಗೂ ಹೇಳಿದ್ರಾ?”

ಅವರು ಮಗುಚಿದ ಸೀಟನ್ನು ನೆಟ್ಟಗೆ ಮಾಡಿ, ಹಗ್ಗವನ್ನು ಸರಿಪಡಿಸಿ, ಬಾಗಿಲು ಹಾಕಿ ಹೋದರು. ಸೀಟು ಮಗುಚುವುದನ್ನು ಅವರು ಕಣ್ಣಾರೆ ನೋಡಿದ್ದರು. ನನಗೆ ಸಿಟ್ಟು ಬಂದದ್ದು ಮಾವನ ಹಗ್ಗಕ್ಕಿಂತ ಹೆಚ್ಚಾಗಿ, ಸೀಟನ್ನು ನೆಟ್ಟಗೆ ಮಾಡಿದ ಆ ಕೈಯ ಮೇಲೆ.

ಬೆಳಿಗ್ಗೆ ಹಗ್ಗ ಬಿಚ್ಚಿ, ಬ್ಲೇಡು ಹಿಡಿದೆ. ಬಲಗಡೆ ಕವರಿನ ಅಡಿಯಲ್ಲಿ ಬೆಲ್ಟು ಮಡಚಿಕೊಂಡು ಇದ್ದಿತು, ಕಂಪನಿಯ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ಎಡಗಡೆ ಕೊಯ್ದಾಗ ಕೈಗೆ ಸಿಕ್ಕಿದ್ದು ಒಂದು ಗೇಣು ಪಟ್ಟಿ. ತುದಿಯನ್ನು ಕತ್ತರಿಯಿಂದ ಕತ್ತರಿಸಿ, ಎಳೆ ಬಿಚ್ಚದಂತೆ ಬೆಂಕಿಯಲ್ಲಿ ಸುಟ್ಟಿದ್ದರು. ಬಕಲ್ ಇರಲಿಲ್ಲ.

ಕುಶನ್ ಅಂಗಡಿಯವನ ನಂಬರು ಗಂಡನ ಬಳಿ ಇತ್ತು. ಫೋನು ಮಾಡಿದೆ.

“ಬೆಲ್ಟಾ ಮೇಡಂ? ಎಡಗಡಿದು ನಾವೇ ತೆಗ್ದಿದ್ದು. ಹತ್ತಿ ಇಳಿಯೋ ಬದಿ ಅಲ್ರಿ ಅದು? ಕವರಿನ ಕೆಳಗೆ ಗಂಟು ಗಂಟು ಕಾಣ್ತಿತ್ತು. ಯಜಮಾನ್ರು ಚುಚ್ತದೆ ತೆಗೀರಿ ಅಂದ್ರು.”

“ಕತ್ತರಿಸಿದ್ದು ಎಲ್ಲಿದೆ?”

“ಅದಾ, ಇಲ್ಲೇ ಫೋಮಿನ ಬಂಡಲ್ ಕಟ್ಟಿದೀವ್ರಿ. ಚೊಲೋ ಪಟ್ಟಿ ಅದು, ಹರಿಯಂಗೇ ಇಲ್ಲ. ಬೇಕಾಗಿತ್ತಾ?”

ನಾನು ಫೋನಿಟ್ಟೆ. ಹರಿದ ಕವರನ್ನು ನೋಡಲು ಅಷ್ಟರಲ್ಲಿ ಎಲ್ಲರೂ ಹೊರಗೆ ಬಂದಿದ್ದರು. ಮಾವ ರೆಕ್ಸಿನ್ನಿನ ಅಂಚನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಬಿಟ್ಟರು. ಬೈಯಲಿಲ್ಲ. ಅವರು ಬೈಯುವವರಲ್ಲ.

“ಒಂದು ಬೆಲ್ಟು ಇದ್ದಲೆ,” ಎಂದರು ಅತ್ತೆ, ಜಗಳ ತಪ್ಪಿಸುವ ದನಿಯಲ್ಲಿ. “ಅದು ಮಾಣಿಗಾತು. ಕೂಸು ಯನ್ನ ತೊಡೆ ಮ್ಯಾಲೆ ಕೂತ್ಕತ್ತು. ಬಸ್ಸಿಗೆ ಹೋಪದೂ ಬ್ಯಾಡ.”

ಅತ್ತೆಯ ಬಾಯಲ್ಲಿ ಕೂಸು ಎಂದರೆ ನನ್ನ ಮಗಳು. ಅವಳು ಮೆಟ್ಟಿಲ ಮೇಲೆ ಕೂತು ಬೂಟಿನ ಪಟ್ಟಿ ಹಾಕಿಕೊಳ್ಳುತ್ತಿದ್ದಳು. ಇಬ್ಬರು ಮಕ್ಕಳಿಗೆ ಒಂದೇ ಬೆಲ್ಟು ಉಳಿದಾಗ ಯಾರಿಗೆ ಎಂಬ ಪ್ರಶ್ನೆ ಆ ಅಂಗಳದಲ್ಲಿ ಯಾರಿಗೂ ಪ್ರಶ್ನೆಯಾಗಿ ಕಾಣಲಿಲ್ಲ. ತೀರ್ಮಾನ ಮೊದಲೇ ಆಗಿದ್ದಂತೆ ಹೊರಬಂತು. ಹೇಳಿದವರು, ಹಿಂದಿನ ಸಂಜೆ ತಮ್ಮ ಜಾಗವನ್ನು ತಾವೇ ಬಿಟ್ಟುಕೊಟ್ಟ ಹೆಂಗಸು.

ನಾನು ಮಗನ ಸೀಟನ್ನು ಹಿಂದೆ ಬಲಗಡೆ, ಬೆನ್ನು ದಾರಿಗೆ ಬರುವಂತೆ ಇಟ್ಟು ಬೆಲ್ಟಿನಿಂದ ಬಿಗಿದೆ. ಮೊಣಕಾಲೂರಿ ಒತ್ತಿ ಎಳೆದೆ. ಅಲುಗಲಿಲ್ಲ. ಮಗಳ ಸೀಟನ್ನು ಎತ್ತಿಕೊಂಡು ಎದುರಿನ ಎಡಬಾಗಿಲಿಗೆ ಹೋದೆ. ಟವೆಲ್ ತೆಗೆದು ಮಡಚಿ ಅತ್ತೆಯ ಕೈಗೆ ಕೊಟ್ಟೆ. ಎದುರು ಸೀಟನ್ನು ಹಿಂದಕ್ಕೆ ತಳ್ಳಿ, ಅದರ ಮೇಲೆ ಮಗಳ ಸೀಟು ಇಟ್ಟು, ಬಿಗಿದೆ. ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಎಂದು ಅಕ್ಕ ಹೇಳಿದ್ದಳು. ಬೇರೆ ದಾರಿ ಫೋಮಿನ ಬಂಡಲ್ ಕಟ್ಟಿಕೊಂಡು ಪೇಟೆಯಲ್ಲಿ ಕೂತಿತ್ತು.

ಮಾವ ಕೊಡೆ ಹಿಡಿದು ಬಾಗಿಲ ಬಳಿ ಬಂದರು. “ಹಂಗಾರೆ ಎದುರಿಗೆ ಕೂಪವು ಯಾರು?”

“ಆನು,” ಎಂದಳು ಮಗಳು.

ಯಾರೂ ನಗಲಿಲ್ಲ. ಗಂಡ ಕೀಲಿಯನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡರು. “ಅಪ್ಪಯ್ಯ, ಹಿಂದೆ ಆಯಿ ಪಕ್ಕ ಅಡ್ಜಸ್ಟ್ ಮಾಡ್ಕಂಡ್ರೆ—”

“ಮೂರು ಜನ ದೊಡ್ಡವು, ಮಾಣಿ ಕುರ್ಚಿ. ಹಿಂದೆ ಎಲ್ಲಿ ಹಿಡಿತ?” ಎಂದೆ ನಾನು. “ಬಸ್ಸಿದ್ದಲಿ ಮಾವ. ನಿನ್ನೆ ಅತ್ತೆಗೆ ಇದ್ದಿತ್ತಲಿ.”

ಇದನ್ನು ನಾನು ದನಿ ಏರಿಸದೆ ಹೇಳಿದೆ. ಅದಕ್ಕೇ ಇರಬೇಕು, ಆ ಮಾತು ಆ ಮನೆತನದಲ್ಲಿ ಬಹಳ ಕಾಲ ಉಳಿಯಿತು. ಮಾವ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ಬಸ್ ನಿಲ್ದಾಣದ ಕಡೆ ನಡೆದರು. ಗಂಡ ಅವರ ಹಿಂದೆ ಗೇಟಿನವರೆಗೆ ಹೋಗಿ ವಾಪಸು ಬಂದು, ಕಾರು ಹೊರಡಿಸಿದರು. ಅತ್ತೆ ನನ್ನ ಪಕ್ಕ ಟವೆಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಗ ನಿದ್ದೆ ಮಾಡಿದ. ಮಗಳು ದಾರಿಯುದ್ದಕ್ಕೂ ಊರ ಬೋರ್ಡುಗಳ ಅಕ್ಷರ ಓದಿದಳು, ಎದುರು ಗಾಜಿನಿಂದ ಅವು ಚೆನ್ನಾಗಿ ಕಾಣುತ್ತವೆ ಎಂದಳು.

ತಮ್ಮನ ಮನೆಗೆ ಮಾವ ನಮಗಿಂತ ತಡವಾಗಿ ತಲುಪಿದರು. ಚಪ್ಪರದಲ್ಲಿ ಯಾರೋ ಬೀಗರು ಬಸ್ಸಿನಲ್ಲಿ ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ನನಗೆ ಕೇಳಿಸಿತು. “ಸೊಸೆ ಯನ್ನ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದು. ಕುರ್ಚಿಗೆ ಮರ್ಯಾದೆ ಕೊಡವು ಹೇಳಿ ಆನು ಇಳದಿ.” ಬೀಗರು ನಕ್ಕರು. ಅಕ್ಕ ಮಾತ್ರ ಸೀದಾ ಕಾರಿನ ಬಳಿ ಹೋಗಿ ಎರಡೂ ಸೀಟುಗಳನ್ನು ಎಳೆದು ನೋಡಿ ಬಂದಳು.

ಎಡಗಡೆಯ ಬೆಲ್ಟನ್ನು ಹುಬ್ಬಳ್ಳಿಯಿಂದ ತರಿಸಿ ಹಾಕಿಸಲು ಜುಲೈವರೆಗೆ ಕಾಯಬೇಕಾಯಿತು. ಅಂದಿನಿಂದ ಎರಡು ಸೀಟುಗಳೂ ಹಿಂದಿನ ತುದಿಗಳಿಗೆ ಬಂದವು, ನಡುವೆ ನಾನು. ಎದುರಿಗೆ ಮಾವ, ಟವೆಲಿನ ಮೇಲೆ. ನಾವೆಲ್ಲ ಒಟ್ಟಿಗೆ ಹೋಗುವ ದಿನ ಅತ್ತೆ ಬಸ್ಸಿಗೆ ಬರುತ್ತಿದ್ದರು. ಒಮ್ಮೆ ನಾನು ಬಸ್ಸಿಗೆ ಹೋಗುತ್ತೇನೆ, ನೀವು ಮಕ್ಕಳ ನಡುವೆ ಕೂರಿ ಎಂದೆ. “ಯಂಗೆ ಆ ಬಕಲ್ ತೆಗೆಯಲೆ ಬತ್ತಿಲ್ಲೆ,” ಎಂದರು. ಕಲಿಸುತ್ತೇನೆ ಎಂದೆ. ಕಲಿತರು. ಆಮೇಲೂ ಬಸ್ಸಿಗೇ ಬಂದರು.

2009ರ ಡಿಸೆಂಬರಿನಲ್ಲಿ ಸಿದ್ದಾಪುರದಲ್ಲಿದ್ದ ನನ್ನ ಮೈದುನ ಹೊಸ ಕಾರು ಕೊಂಡ. ಅವನ ಮಗಳಿಗೆ ಆಗ ಹತ್ತು ತಿಂಗಳು. ನಮ್ಮ ಎರಡು ಸೀಟುಗಳಲ್ಲಿ ಸಣ್ಣದನ್ನು ಅವನಿಗೆ ಕೊಟ್ಟೆವು. ಸೀಟು ಅವನ ಮನೆಯ ಅಟ್ಟದಲ್ಲಿದೆ. ಕಾರಿಗೆ ಮಾವ ಅದೇ ಅಂಗಡಿಯಲ್ಲಿ ನೀಲಿ ರೆಕ್ಸಿನ್ ಹಾಕಿಸಿದ್ದಾರೆ. ಹಿಂದಿನ ಬೆಲ್ಟುಗಳು ಕವರಿನ ಕೆಳಗಿವೆ.